ಪದಚರ್ಚೆ: ‘ಕಪ್ಪು ಸಾವು’ ಸರಿಯೇ? ‘ಜೀತದಾಳು’ ಸರಿಯೇ? ಹದಿನಾಲ್ಕನೆಯ ಶತಮಾನದ ಪ್ಲೇಗಿನ ಕೆಲವು ಪದಗಳು

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗಾಗಿ ಸಿದ್ಧವಾಗುತ್ತಿರುವ ಯೂರೋಪಿನ ಇತಿಹಾಸದ ಪುಸ್ತಕವೊಂದರಲ್ಲಿ 1347ರಿಂದ 1353ರವರೆಗಿನ ಪ್ಲೇಗಿನ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಘಟನೆಗಳನ್ನು ಹೇಳುವುದು ಕಷ್ಟವಿಲ್ಲ, ಪದಗಳೇ ಕಾಡುತ್ತಿವೆ. ನಾವು ರೂಢಿಯಿಂದ ಎತ್ತಿಕೊಳ್ಳುವ ಕನ್ನಡ ಪದಗಳು ತಮ್ಮದೇ ಇತಿಹಾಸವನ್ನು ಹೊತ್ತು ತಂದು ಆ ಕಾಲದ ಜನರ ಬಾಯಿಗೆ ತುರುಕುತ್ತಿವೆ ಎಂಬುದು ನನ್ನ ತಕರಾರು. ಅವಸರದಲ್ಲಿರುವವರು ‘ಜೀತದಾಳು’ ಪದದ ಚರ್ಚೆಯನ್ನಷ್ಟೇ ಓದಿ ಉತ್ತರಿಸಿದರೂ ಸಾಕು.

ಮೊದಲು ರೋಗದ ಹೆಸರು. ‘ಬ್ಲ್ಯಾಕ್ ಡೆತ್’ ಎಂಬುದಕ್ಕೆ ಕನ್ನಡದಲ್ಲಿ ‘ಕಪ್ಪು ಸಾವು’, ‘ಕರಿ ಸಾವು’, ‘ಕಪ್ಪು ಮರಣ’ ಎಂಬ ಮೂರನ್ನೂ ನೋಡಿದ್ದೇನೆ. ಆದರೆ ಆ ರೋಗಕ್ಕೆ ಸಿಕ್ಕಿ ಸತ್ತವರು ಅದನ್ನು ಕಪ್ಪು ಎಂದು ಕರೆಯುತ್ತಿರಲಿಲ್ಲ. ಅವರ ಮಾತಿನಲ್ಲಿ ಅದು ‘ದೊಡ್ಡ ಸಾವು’, ‘ದೊಡ್ಡ ಪಿಡುಗು’. ಕಿರ್ಗಿಸ್ತಾನದ ಇಸಿಕ್ ಕುಲ್ ಸರೋವರದ ಹತ್ತಿರದ ಸ್ಮಶಾನದಲ್ಲಿ 1338 ಮತ್ತು 1339ರ ಗೋರಿಕಲ್ಲುಗಳಿವೆ. ಅವುಗಳಲ್ಲಿ ಕೆಲವು ಸಾವಿನ ಕಾರಣವನ್ನು ಸಿರಿಯಕ್ ಭಾಷೆಯಲ್ಲಿ ‘ಮೌತಾನಾ’ ಎಂದು ಹೇಳುತ್ತವೆ. ಅದರ ಅರ್ಥವೂ ಸಾವು ತರುವ ಪಿಡುಗು ಎಂದೇ. ಅಲ್ಲಿ ಹೂಳಿದವರ ಹಲ್ಲುಗಳಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ‘ಯರ್ಸೀನಿಯಾ ಪೆಸ್ಟಿಸ್’ನ ಡಿಎನ್‌ಎ ಸಿಕ್ಕಿದೆ ಎಂದು 2022ರಲ್ಲಿ ಪ್ರಕಟವಾಯಿತು. ಕಪ್ಪು ಬಣ್ಣ ರೂಢಿಗೆ ಬಂದದ್ದು ಬಹಳ ತಡವಾಗಿ. 1631ರಲ್ಲಿ ಡೆನ್ಮಾರ್ಕಿನ ಇತಿಹಾಸ ಬರೆದ ಪೊಂಟಾನಸ್ ಲ್ಯಾಟಿನ್ನಿನಲ್ಲಿ ‘ಆಟ್ರಾ ಮೋರ್ಸ್’ ಎಂದ. 1832ರಲ್ಲಿ ಜರ್ಮನ್ ವೈದ್ಯ ಹೆಕರ್ ತನ್ನ ಪುಸ್ತಕಕ್ಕೆ ‘ಕಪ್ಪು ಸಾವು’ ಎಂಬ ಹೆಸರನ್ನೇ ಇಟ್ಟ ಮೇಲೆ ಅದು ಗಟ್ಟಿಯಾಯಿತು.

ಲ್ಯಾಟಿನ್ನಿನ ‘ಆಟ್ರಾ’ ಪದಕ್ಕೆ ಕಪ್ಪು ಎಂಬ ಅರ್ಥವೂ ಇದೆ, ಘೋರ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಈ ಎರಡನ್ನೂ ಒಟ್ಟಿಗೆ ಹಿಡಿಯಬಲ್ಲ ಪದ ನಮ್ಮ ಕಣ್ಣೆದುರೇ ಇದೆ ಎನಿಸುತ್ತದೆ: ‘ಕರಾಳ’. ಸಂಸ್ಕೃತದಲ್ಲಿ ಅದು ಭಯಂಕರ. ಕನ್ನಡದ ಕಿವಿಗೆ ಅದರೊಳಗೊಂದು ‘ಕರಿ’ಯೂ ಕೇಳಿಸುತ್ತದೆ. ನಾವು ಕಪ್ಪು ಹಣ, ಕಪ್ಪು ಪಟ್ಟಿ ಎನ್ನುತ್ತೇವೆ, ಆದರೆ ‘ಕಪ್ಪು ದಿನ’ಕ್ಕಿಂತ ‘ಕರಾಳ ದಿನ’ವೇ ನಮ್ಮ ಪತ್ರಿಕೆಗಳ ರೂಢಿ. ಹಾಗಾದರೆ ‘ಕರಾಳ ಮರಣ’ ಯಾಕಾಗಬಾರದು? ಇದು ಅಪರಾಧ ಸುದ್ದಿಯ ತಲೆಬರಹದಂತಿದೆ ಎಂದು ಸಹಲೇಖಕರೊಬ್ಬರು ಮೂಗು ಮುರಿದರು. ಅವರ ಆಯ್ಕೆ ‘ಮಹಾಮಾರಿ’. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಮಾರಿ ನಮ್ಮಲ್ಲಿ ದೇವತೆ. ಬರುತ್ತಾಳೆ, ಬಲಿ ಬೇಡುತ್ತಾಳೆ, ಜಾತ್ರೆ ಮಾಡಿದರೆ ಗಡಿ ದಾಟುತ್ತಾಳೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡು ‘ಪ್ಲೇಗಮ್ಮ’ನಿಗೆ ಗುಡಿ ಕಟ್ಟಿದರು. ಆ ಮಾರಿಯನ್ನು ಇಟಲಿಯ ಸಿಯೆನಾದ ಕ್ರೈಸ್ತನ ಬಾಯಲ್ಲಿ ಹೇಗೆ ಆಡಿಸುವುದು? ಅವನಿಗೆ ಇದು ಪಾಪಕ್ಕೆ ದೇವರು ಕೊಟ್ಟ ದಂಡನೆ.

ಹರಡಿದ ಬಗೆಗೆ ಬಂದರೆ ಕ್ರಿಯಾಪದಗಳ ಪ್ರಶ್ನೆ. ಕಪ್ಪು ಸಮುದ್ರದ ದಡದ ಕಾಫಾ ಎಂಬ ಜಿನೋವಾ ವರ್ತಕರ ಪಟ್ಟಣವನ್ನು 1346ರಲ್ಲಿ ಮಂಗೋಲ್ ಖಾನ ಜಾನಿ ಬೇಗ್‌ನ ಸೇನೆ ಮುತ್ತಿದಾಗ ಸೇನೆಯಲ್ಲೇ ರೋಗ ಎದ್ದಿತು. ಹೆಣಗಳನ್ನು ಕವಣೆಯಂತ್ರದಿಂದ ಕೋಟೆಯೊಳಕ್ಕೆ ಎಸೆದರೆಂದು ಪಿಯಾಚೆಂಜಾದ ಗೇಬ್ರಿಯೇಲ್ ದೆ ಮುಸ್ಸಿ ಬರೆದಿದ್ದಾನೆ, ಅವನು ಕಣ್ಣಾರೆ ಕಂಡವನಲ್ಲದಿದ್ದರೂ. 1347ರ ಅಕ್ಟೋಬರಿನಲ್ಲಿ ಜಿನೋವಾದ ಹಡಗುಗಳು ಸಿಸಿಲಿಯ ಮೆಸ್ಸೀನಾ ಮುಟ್ಟಿದವು. 1348ರಲ್ಲಿ ಫ್ಲಾರೆನ್ಸ್, ಪ್ಯಾರಿಸ್, ಬೇಸಿಗೆಯ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿ, ಮರುವರ್ಷ ನಾರ್ವೆಯ ಬರ್ಗನ್. ನಾಲ್ಕೈದು ವರ್ಷಗಳಲ್ಲಿ ಯೂರೋಪಿನ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗಿನ ಜನ ಹೋದರು ಎಂಬುದು ವಿದ್ವಾಂಸರ ಸಾಮಾನ್ಯ ಅಂದಾಜು.

ಇಲ್ಲಿ ‘ಸೋಂಕು ಹರಡಿತು’ ಎಂದು ಬರೆದ ಕೂಡಲೇ ಇಂದಿನ ಓದುಗನಿಗೆ ರೋಗಾಣು ನೆನಪಾಗುತ್ತದೆ. ಪ್ಯಾರಿಸ್ಸಿನ ವೈದ್ಯಪಂಡಿತರು 1348ರಲ್ಲಿ ರಾಜನಿಗೆ ಕೊಟ್ಟ ವರದಿಯಲ್ಲಿ ಇದ್ದದ್ದು ಬೇರೆ: 1345ರಲ್ಲಿ ಶನಿ, ಗುರು, ಮಂಗಳ ಗ್ರಹಗಳು ಕುಂಭರಾಶಿಯಲ್ಲಿ ಕೂಡಿ ಗಾಳಿ ಕೆಟ್ಟಿತು ಎಂದು. (ನಮ್ಮ ಪಂಚಾಂಗದವರಿಗೆ ಇದು ವಿಚಿತ್ರ ಎನಿಸಲಾರದು.) ಹಳೆಯ ಕನ್ನಡದಲ್ಲಿ ‘ಸೋಂಕು’ ಎಂದರೆ ಬರಿಯ ಮುಟ್ಟುವಿಕೆ, ತಾಗುವಿಕೆ. ‘ಗಾಳಿ ಸೋಂಕು’ ಎಂಬ ಹಳ್ಳಿಯ ಮಾತಿನಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಆದ್ದರಿಂದ ಆ ಕಾಲದವರ ನಂಬಿಕೆ ಹೇಳುವಾಗ ‘ಕೆಟ್ಟ ಗಾಳಿ ತಗಲಿತು’ ಎಂದೂ, ನಮ್ಮ ತಿಳಿವಳಿಕೆ ಹೇಳುವಾಗ ‘ಸೋಂಕು ಹರಡಿತು’ ಎಂದೂ ಬೇರೆಬೇರೆಯಾಗಿ ಬಳಸುತ್ತಿದ್ದೇನೆ. ಪಠ್ಯಪುಸ್ತಕದ ಓದುಗರಿಗೆ ಈ ವ್ಯತ್ಯಾಸ ನಾಟೀತೇ?

ಹಾಗೆಯೇ ‘ಇಲಿ ಬಿದ್ದವು’. ನಮ್ಮ ಹಿರಿಯರಿಗೆ ಪ್ಲೇಗು ಎಂದರೆ ಮೊದಲು ಇಲಿ ಬೀಳುವುದು, ಆಮೇಲೆ ಊರಾಚೆ ಗುಡಿಸಲು ಹಾಕುವುದು. ಎಷ್ಟು ಚಂದದ ನುಡಿ! ಆದರೆ ಅದನ್ನು ಈ ಅಧ್ಯಾಯಕ್ಕೆ ತರಲಾರೆ. ಆ ಕಾಲದ ಯೂರೋಪಿನ ವೃತ್ತಾಂತಕಾರರು ಸತ್ತ ಇಲಿಗಳ ಮಾತನ್ನು ಹೆಚ್ಚುಕಡಿಮೆ ಎತ್ತುವುದೇ ಇಲ್ಲ. ಇಲಿಯ ಚಿಗಟಕ್ಕಿಂತ ಮನುಷ್ಯರ ಮೈಮೇಲಿನ ಹೇನು, ಚಿಗಟಗಳ ಪಾಲು ಹೆಚ್ಚಿರಬಹುದೇ ಎಂಬ ವಾದ ಹುಟ್ಟಿರುವುದಕ್ಕೆ ಅದೂ ಒಂದು ಕಾರಣ.

ಈಗ ನನ್ನ ಮುಖ್ಯ ಪ್ರಶ್ನೆ. ಧಣಿಯ ನೆಲಕ್ಕೆ ಕಟ್ಟುಬಿದ್ದ ಮಧ್ಯಯುಗದ ಯೂರೋಪಿನ ರೈತ, ಅಂದರೆ ‘ಸರ್ಫ್’ ಎಂಬ ಪದಕ್ಕೆ ನಮ್ಮಲ್ಲಿ ಸಲೀಸಾಗಿ ‘ಜೀತದಾಳು’ ಎಂದು ಬರೆಯುತ್ತಾರೆ. ನಮ್ಮ ಜೀತದ ಹಿಂದೆ ಸಾಮಾನ್ಯವಾಗಿ ಸಾಲವಿರುತ್ತದೆ. ಇಂಗ್ಲೆಂಡಿನ ಈ ರೈತನನ್ನು ಕಟ್ಟಿಹಾಕಿದ್ದು ಸಾಲವಲ್ಲ, ಹುಟ್ಟು ಮತ್ತು ಮಣ್ಣು. ಅವನಿಗೆ ಉಳುಮೆಗೆ ತನ್ನದೆಂಬ ಪಟ್ಟಿ ನೆಲವಿತ್ತು. ಅದಕ್ಕೆ ಪ್ರತಿಯಾಗಿ ವಾರದಲ್ಲಿ ಕೆಲವು ದಿನ ಧಣಿಯ ಹೊಲದಲ್ಲಿ ದುಡಿಯಬೇಕು, ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ, ಮಗಳ ಮದುವೆಗೆ ಧಣಿಗೆ ಹಣ ತೆರಬೇಕು, ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನವೊಂದು ಧಣಿಯ ಪಾಲು.

‘ಜೀತದಾಳು’ ಎಂದು ಬರೆದರೆ ಪ್ಲೇಗು ಅವನ ಬದುಕನ್ನು ಯಾಕೆ ಬದಲಿಸಿತು ಎಂಬುದೇ ಅರ್ಥವಾಗುವುದಿಲ್ಲ. ಜನ ಸತ್ತರೆ ಸಾಲ ತೀರುವುದಿಲ್ಲವಲ್ಲ! ನಡೆದದ್ದು ಇಷ್ಟು: ಹೊಲಗಳು ಹಾಗೇ ಇದ್ದವು, ಕೈಗಳು ಕಡಿಮೆಯಾದವು. ಪಕ್ಕದೂರಿನ ಧಣಿ ಹೆಚ್ಚು ಕೂಲಿ ಕೊಟ್ಟು, ಎಲ್ಲಿಂದ ಬಂದೆ ಎಂದು ಕೇಳದೆ ಸೇರಿಸಿಕೊಳ್ಳತೊಡಗಿದ. ‘ಒಕ್ಕಲೆಬ್ಬಿಸುವುದು’ ನಮಗೆಲ್ಲ ಗೊತ್ತಿರುವ ಪದ. 1350ರ ಇಂಗ್ಲೆಂಡಿನ ಧಣಿಯನ್ನು ಕಾಡಿದ್ದು ಅದರ ತಿರುವುಮುರುವು, ಒಕ್ಕಲು ತಾನಾಗಿಯೇ ಎದ್ದು ಹೊರಟರೆ ಏನು ಗತಿ ಎಂದು. ಮೂರನೆಯ ಎಡ್ವರ್ಡ್ 1349ರ ಜೂನ್‌ನಲ್ಲಿ ಆಜ್ಞೆ ಹೊರಡಿಸಿ, ಕೂಲಿ ಪ್ಲೇಗಿಗೆ ಮುಂಚಿನ ದರದಲ್ಲೇ ಇರಬೇಕು, ಅರವತ್ತರೊಳಗಿನ ಗಟ್ಟಿಮುಟ್ಟಾದವರು ಕರೆದ ಕೆಲಸಕ್ಕೆ ಹೋಗಲೇಬೇಕು ಎಂದ. 1351ರಲ್ಲಿ ಪಾರ್ಲಿಮೆಂಟು ಅದನ್ನು ಶಾಸನವಾಗಿಸಿತು. ದಂಡಗಳು ಬಿದ್ದವು, ಕೂಲಿ ಏರುತ್ತಲೇ ಹೋಯಿತು. 1381ರಲ್ಲಿ ತಲೆಗಂದಾಯದ ನೆಪದಲ್ಲಿ ಎಸೆಕ್ಸ್, ಕೆಂಟ್‌ಗಳ ಜನ ಲಂಡನ್ನಿಗೆ ನುಗ್ಗಿದಾಗ ಈ ಸಿಟ್ಟೂ ಅವರ ಜೊತೆಗಿತ್ತು. ಎಲ್ಲೆಡೆ ಹೀಗೇ ಆಯಿತೆಂದಲ್ಲ. ಪೋಲೆಂಡ್, ಪ್ರಷ್ಯಾಗಳಲ್ಲಿ ಮುಂದಿನ ಶತಮಾನಗಳಲ್ಲಿ ಈ ಕಟ್ಟು ಮತ್ತಷ್ಟು ಬಿಗಿಯಾಯಿತು.

ಹಾಗಾದರೆ ಅವನನ್ನು ಏನೆಂದು ಕರೆಯೋಣ? ‘ಗುಲಾಮ’ ಸಲ್ಲದು, ಅವನನ್ನು ಸಂತೆಯಲ್ಲಿ ಮಾರುತ್ತಿರಲಿಲ್ಲ. ‘ಗೇಣಿದಾರ’ ತೀರಾ ಸ್ವತಂತ್ರ. ಕರಾವಳಿಯ ‘ಮೂಲದಾಳು’ ನೆಲಕ್ಕೆ ಅಂಟಿದವನೆಂಬ ಅರ್ಥದಲ್ಲಿ ಹತ್ತಿರವಿದೆ, ಆದರೆ ಅದರ ಜೊತೆಗೆ ಅಸ್ಪೃಶ್ಯತೆಯ ಇಡೀ ಹೊರೆ ಬರುತ್ತದೆ. ಅದು ಇಂಗ್ಲೆಂಡಿನ ಕಥೆಯಲ್ಲ, ಇಲ್ಲಿನ ನೋವನ್ನು ಅಲ್ಲಿಗೆ ಸಾಗಿಸುವುದೂ ಸರಿಯಲ್ಲ. ‘ಕಟ್ಟಾಳು’ ಎಂದರೆ ಪೈಲ್ವಾನನಾಗುತ್ತಾನೆ. ನನ್ನ ಮುಂದಿರುವುದು ಎರಡು: ಪಠ್ಯಗಳಲ್ಲಿ ಆಗಲೇ ನೆಲೆಯೂರಿರುವ ‘ಊಳಿಗಮಾನ್ಯ ಪದ್ಧತಿ’ಗೆ ಹೊಂದುವಂತೆ ‘ಊಳಿಗದ ಒಕ್ಕಲು’, ಇಲ್ಲವೇ ಹೊಸದಾಗಿ ಟಂಕಿಸಿದ ‘ಕಟ್ಟೊಕ್ಕಲು’. ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಧಣಿಯ ಹೊಲದ ದುಡಿಮೆಗೆ ಶಾಸನಗಳಲ್ಲಿ ಬರುವ ‘ಬಿಟ್ಟಿ’ಯನ್ನೇ ಬಳಸುವೆ. ಇಂದು ‘ಬಿಟ್ಟಿ ಊಟ’ದ ಅರ್ಥ ಮೇಲೆ ಬಂದಿದ್ದರೂ ‘ಬಿಟ್ಟಿ ಚಾಕರಿ’ ಎಲ್ಲರಿಗೂ ತಿಳಿಯುತ್ತದೆ.

‘ಕ್ವಾರಂಟೈನ್’ ವಿಷಯದಲ್ಲಿ ಚರ್ಚೆ ಬೇಡವೆಂದು ತೀರ್ಮಾನಿಸಿದ್ದೇನೆ, ಆ ಪದವನ್ನೇ ಉಳಿಸುವೆ. ರಗೂಸಾ, ಅಂದರೆ ಇಂದಿನ ಡುಬ್ರೋವ್ನಿಕ್, 1377ರಲ್ಲಿ ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿರಿಸಿತು. ಅದು ನಲವತ್ತಾದ ಮೇಲೆ ಇಟಲಿಯ ‘ನಲವತ್ತು’ ಹೆಸರಾಗಿ ನಿಂತಿತು. ‘ದಿಗ್ಬಂಧನ’ ಮಾಂತ್ರಿಕರಿಗೆ ಇರಲಿ.

ಒಂದು ವ್ಯಾಕರಣದ ಪ್ರಶ್ನೆಯೂ ಇದೆ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳ ಸಜೀವ ದಹನ ನಡೆಯಿತು. ಬಾವಿಗೆ ವಿಷ ಹಾಕಿದರೆಂಬುದು ಆರೋಪ; ಪ್ಲೇಗು ಆ ಊರಿಗೆ ಇನ್ನೂ ಕಾಲಿಟ್ಟೇ ಇರಲಿಲ್ಲ. ಯಹೂದಿಗಳೂ ಇದೇ ರೋಗಕ್ಕೆ ಸಾಯುತ್ತಿದ್ದಾರಲ್ಲ ಎಂದು ಆರನೆಯ ಕ್ಲೆಮೆಂಟ್ ಪೋಪ್ 1348ರಲ್ಲೇ ಹೇಳಿದ್ದ. ‘ನಗರದವರು ಯಹೂದಿಗಳನ್ನು ಸುಟ್ಟರು’ ಎಂಬ ನನ್ನ ವಾಕ್ಯವನ್ನು ಸಂಪಾದಕರು ‘ಯಹೂದಿಗಳನ್ನು ಸುಡಲಾಯಿತು’ ಎಂದು ತಿದ್ದಿದ್ದಾರೆ. ಆ ‘ಲಾಯಿತು’ ಸುಟ್ಟವರನ್ನು ಬಚ್ಚಿಡುತ್ತದೆ. ಯಹೂದಿಗಳನ್ನು ಕಾಪಾಡಲು ನೋಡಿದ ನಗರಸಭೆಯನ್ನು ಉರುಳಿಸಿ ಬಂದವರ ಆಡಳಿತದಲ್ಲಿ ಇದು ನಡೆಯಿತು, ಯಹೂದಿಗಳಿಗೆ ಕೊಡಬೇಕಿದ್ದ ಸಾಲಗಳೂ ರದ್ದಾದವು. ‘ನಗರದವರು ಸುಟ್ಟರು’ ಎಂದು ಕರ್ತರಿ ಪ್ರಯೋಗದಲ್ಲೇ ಬರೆಯಬೇಕೆಂಬುದು ನನ್ನ ಹಟ. ಪಠ್ಯಪುಸ್ತಕದ ಶೈಲಿಗೆ ಅದು ಒಗ್ಗುವುದಿಲ್ಲವೇ?

ಕೊನೆಯದಾಗಿ ತೊಡೆಸಂದಿಯಲ್ಲಿ, ಕಂಕುಳಲ್ಲಿ ಏಳುತ್ತಿದ್ದ ಆ ಊತ. ಕೆಲವು ಸಾಮಾನ್ಯ ಸೇಬಿನಷ್ಟು, ಕೆಲವು ಮೊಟ್ಟೆಯಷ್ಟು ಇದ್ದವು, ಜನಸಾಮಾನ್ಯರು ‘ಗವೋಚ್ಚೊಲಿ’ ಎನ್ನುತ್ತಿದ್ದರು ಎಂದು ಫ್ಲಾರೆನ್ಸಿನ ಲೇಖಕ ಬೊಕ್ಕಾಚೊ ಬರೆದಿದ್ದಾನೆ. ‘ದುಗ್ಧಗ್ರಂಥಿಯ ಊತ’ ವೈದ್ಯರ ಮಾತಾಯಿತು. ಗಡ್ಡೆ, ಗಂಟು, ಬಾವು, ಕುರು ಇವುಗಳಲ್ಲಿ ಪ್ಲೇಗಿನದನ್ನೇ ಹೇಳುವ ಪದ ನಿಮ್ಮ ಮನೆಯ ಹಿರಿಯರ ಮಾತಿನಲ್ಲಿ ಯಾವುದು? ಊರಿನ ಹೆಸರನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ. ಒಂದೇ ಪದ ಧಾರವಾಡದಲ್ಲೊಂದು, ಮೈಸೂರಿನಲ್ಲೊಂದು ಅರ್ಥ ಕೊಡುವುದುಂಟು.