ಹಳ್ಳದ ನೀರಲ್ಲಿ ಐದು ಮನೆಗೆ ಕರೆಂಟ್ ಆಗುತ್ತದಾ?

ಪ್ರಶ್ನೆ: ಸರ್, ನಮ್ಮದು ಮಲೆನಾಡಿನ ಮೂಲೆ. ಒಂದೇ ಹಳ್ಳದ ಬದಿ ಐದು ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕತ್ತಲೆ. ಎಲ್ಲರೂ ಸೇರಿ ಟರ್ಬೈನ್ ಹಾಕಿಸುವ ಅಂತಿದ್ದೇವೆ. ಈಗ 200 ಲೀಟರ್ ಡ್ರಮ್ 20 ಸೆಕೆಂಡಿಗೆ ತುಂಬುತ್ತದೆ. ನೇರ ಎತ್ತರ 20 ಮೀಟರ್, ಪೈಪ್ 120 ಮೀಟರ್ ಬೇಕು. ಸಾಕಾಗುತ್ತದಾ?

ಉತ್ತರ: ಡ್ರಮ್ ಇಟ್ಟು ಅಳೆದಿದ್ದೀರಲ್ಲ, ಸಂತೋಷ. ಹೆಚ್ಚಿನವರು 'ನೀರು ಸುಮಾರಿದೆ' ಅನ್ನುವುದರಲ್ಲೇ ಮುಗಿಸುತ್ತಾರೆ. ಸೆಕೆಂಡಿಗೆ 10 ಲೀಟರ್, 20 ಮೀಟರ್; ಎರಡನ್ನೂ ಗುಣಿಸಿ ಮತ್ತೆ 5ರಿಂದ ಗುಣಿಸಿ. 1,000 ವ್ಯಾಟ್. (ಪುಸ್ತಕದ ಲೆಕ್ಕದಲ್ಲಿ 9.8ರಿಂದ ಗುಣಿಸಬೇಕು; ಸಣ್ಣ ಯಂತ್ರದಲ್ಲಿ ಅರ್ಧ ಕೈಗೆ ಬಂದರೆ ಪುಣ್ಯ.) ಮನೆಗೆ 200 ವ್ಯಾಟ್ ಅಂದರೆ ಎಲ್‌ಇಡಿ ಬಲ್ಬು, ಟಿವಿ, ಮೊಬೈಲಿಗೆ ಧಾರಾಳ. ಮಿಕ್ಸಿ ಒಬ್ಬರಾದ ಮೇಲೆ ಒಬ್ಬರು. ಇಸ್ತ್ರಿಪೆಟ್ಟಿಗೆ ಮರೆತುಬಿಡಿ.

ರಾತ್ರಿ ಎಲ್ಲರೂ ದೀಪ ಆರಿಸಿದರೂ ನೀರು ನಿಲ್ಲುವುದಿಲ್ಲ. ಲೋಡ್ ಇಲ್ಲದ ಟರ್ಬೈನ್ ಓಟ ಕಿತ್ತು ವೋಲ್ಟೇಜ್ ಏರಿಸುತ್ತದೆ, ಬಲ್ಬು ಸುಡುತ್ತವೆ. ಅದಕ್ಕೇ ಲೋಡ್ ಕಂಟ್ರೋಲರ್ ಬೇಕು. ಉಳಿದ ಕರೆಂಟನ್ನು ಅದು ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ. ಕಾಯಿಲ್ ಯಾರದಾದರೂ ಬಚ್ಚಲ ನೀರಿಗೆ ಇಳಿಸಿದರೆ ಬೆಳಿಗ್ಗೆ ಸ್ನಾನದ ನೀರು ಬಿಸಿ!

ಪ್ರಶ್ನೆ: 3 ಇಂಚಿನ ಪೈಪ್ ತಂದಾಗಿದೆ ಸರ್.

ಉತ್ತರ: ಅಯ್ಯೋ ಮಾರಾಯ್ರೇ! ಇಷ್ಟು ನೀರು ಅದರಲ್ಲಿ ಹೋದರೆ ಪೈಪಿನ ಒಳಮೈಗೆ ಉಜ್ಜುವುದರಲ್ಲೇ ಹತ್ತಿರ ಹತ್ತಿರ ಅರ್ಧ ಎತ್ತರದ ಬಲ ಹೋಯಿತು. 4 ಇಂಚಾದರೆ ಕಳೆಯುವುದು 2 ಮೀಟರ್ ಆಸುಪಾಸು. ಅಂಗಡಿಯವರು ವಾಪಸ್ ತಗೊಳ್ಳದಿದ್ದರೆ 3 ಇಂಚಿನದೇ ಇನ್ನೊಂದು ಪೈಪ್ ಜೊತೆಗೆ ಎಳೆಯಿರಿ, ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ.

ಪ್ರಶ್ನೆ: ಫೆಬ್ರವರಿಗೆ ಹಳ್ಳ ಬತ್ತುತ್ತದೆ. ಮನೆಯ ಹಳೇ ವೈರಿಂಗಿಗೇ ಕೊಡಬಹುದಾ?

ಉತ್ತರ: ಬೇಸಿಗೆಗೆ ಸೋಲಾರ್, ಬ್ಯಾಟರಿ, ಹಳ್ಳ ಬತ್ತುವಾಗ ಬಿಸಿಲಿಗೇನು ಬರವಿಲ್ಲ. ವೈರಿಂಗ್ ಅದೇ ಆಗುತ್ತದೆ, ಆದರೆ ಮನೆಗೆ ಒಂದೋ ಕಂಬದ ಲೈನ್, ಇಲ್ಲಾ ನಿಮ್ಮ ಕರೆಂಟ್, ಒಂದನ್ನೇ ಜೋಡಿಸುವ ಚೇಂಜ್ ಓವರ್ ಸ್ವಿಚ್ ಕಡ್ಡಾಯ. ಇಲ್ಲದಿದ್ದರೆ ನಿಮ್ಮ ಕರೆಂಟು ಟ್ರಾನ್ಸ್‌ಫಾರ್ಮರ್ ದಾಟಿ ಹಿಂದಕ್ಕೆ ಹೋಗಿ, ಲೈನ್ ಆಫ್ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಕುತ್ತು.

ಇನ್ನೊಂದು. ನೀರು ಹಿಡಿಯುವಲ್ಲಿ ಜಾಲರಿಗೆ ಎಲೆ ಕಟ್ಟುತ್ತದೆ, ರಾತ್ರಿ ದೀಪ ಮಂಕಾಗುತ್ತದೆ. ಆ ಮಳೆಯಲ್ಲಿ, ಜಿಗಣೆಯ ನಡುವೆ, ಟಾರ್ಚ್ ಹಿಡಿದು ಹತ್ತುವವರು ಯಾರು? ಸರದಿಯನ್ನು ಪೈಪ್ ಹೂಳುವ ಮೊದಲೇ ಬರೆದಿಡಿ. ನಾನು ಹಾಕಿಕೊಟ್ಟ ಎರಡು ಯಂತ್ರ ನಿಂತದ್ದು ಇದೇ ಜಗಳಕ್ಕೆ.