ಹೊಂದುತ್ತದೆ, ಸಾಲುತ್ತದೆ, ಆಮೇಲೆ? – ಕಂಪ್ಯೂಟರ್ ಬಿಡಿಭಾಗಗಳ ಸಂಬಂಧ ಹೇಳುವ ಮಾತುಗಳು

ಎಲ್ಲರಿಗೂ ನಮಸ್ಕಾರ.

ಮೊದಲ ಸಲ ತಾವೇ ಡೆಸ್ಕ್‌ಟಾಪ್ ಜೋಡಿಸಿಕೊಳ್ಳಲು ಹೊರಟ ಪಿಯುಸಿ, ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರುಗಳ ಬಗ್ಗೆ ನನ್ನ ಪ್ರಶ್ನೆ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಜನ ಪ್ರೊಸೆಸರ್, ಬೋರ್ಡ್ (ಮದರ್‌ಬೋರ್ಡ್), ರ‍್ಯಾಮ್, ಕ್ಯಾಬಿನೆಟ್, ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಪೂರೈಸುವ ಪೆಟ್ಟಿಗೆ) ಎಂದೇ ಕೇಳುತ್ತಾರೆ, ಕೈಪಿಡಿಯಲ್ಲೂ ಹಾಗೆಯೇ ಬರೆದಿದ್ದೇನೆ. ಪ್ರೊಸೆಸರಿಗೆ ‘ಸಂಸ್ಕಾರಕ’ ಎಂದು ಬರೆದರೆ ಅದನ್ನು ಓದಿದ ಹುಡುಗಿ ಅಂಗಡಿಯಲ್ಲಿ ಏನೆಂದು ಕೇಳಬೇಕು? ನನಗೆ ಬೇಕಾಗಿರುವುದು ಈ ಭಾಗಗಳ ನಡುವಿನ ಸಂಬಂಧವನ್ನು ಹೇಳುವ ಮಾತುಗಳು. ಅವು ಅಂಗಡಿಯಿಂದ ಸಿಗುವುದಿಲ್ಲ, ನಮ್ಮ ಭಾಷೆಯೊಳಗಿಂದಲೇ ಬರಬೇಕು.

ಸದ್ಯ ಕನ್ನಡದ ತಂತ್ರಜ್ಞಾನ ಬರಹಗಳಲ್ಲಿ ಎರಡು ಪದಗಳು ಈ ಕೆಲಸವನ್ನೆಲ್ಲ ಹೊತ್ತಿವೆ: ‘ಹೊಂದಾಣಿಕೆ’ ಮತ್ತು ‘ಸಮತೋಲನ’. ಎರಡರ ಬಗ್ಗೆಯೂ ನನಗೆ ತಕರಾರಿದೆ.

‘ಹೊಂದಾಣಿಕೆ’ಯನ್ನು ಮೊದಲು ನೋಡೋಣ. ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಎಎಂಡಿ ಕಂಪನಿಯ ಎಎಂ4 ಎಂಬ ಸಾಕೆಟ್ಟಿಗೆ ಮಾಡಿದ ಪ್ರೊಸೆಸರಿನ ಅಡಿಯಲ್ಲಿ ಸಣ್ಣ ಸಣ್ಣ ಪಿನ್ನುಗಳಿರುತ್ತವೆ. 2022ರಲ್ಲಿ ಬಂದ ಎಎಂ5ರಲ್ಲಿ ಪಿನ್ನುಗಳು ಬೋರ್ಡಿನ ಕಡೆಗೆ ಹೋದವು, ಪ್ರೊಸೆಸರಿನ ಅಡಿಭಾಗ ಸಪಾಟಾಯಿತು. ಒಂದರ ಪ್ರೊಸೆಸರ್ ಇನ್ನೊಂದರ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್‌ಗಳು ದೂರದಿಂದ ಒಂದೇ ತರಹ ಕಂಡರೂ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡುಗಳಲ್ಲಿ ಡಿಡಿಆರ್4 ಹಿಡಿಸುವವೂ ಇವೆ, ಡಿಡಿಆರ್5 ಹಿಡಿಸುವವೂ ಇವೆ. ಹಾಗಾಗಿ ಪ್ರೊಸೆಸರ್ ಸರಿಯಾಗಿ ಕೂತ ಮೇಲೂ ರ‍್ಯಾಮ್ ಹಿಡಿಸದೆ ಅಂಗಡಿಗೆ ವಾಪಸ್ ಹೋಗಬೇಕಾಗಬಹುದು. ಇಲ್ಲೆಲ್ಲ ಉತ್ತರ ‘ಹೌದು’ ಅಥವಾ ‘ಇಲ್ಲ’, ನಡುವೆ ಏನೂ ಇಲ್ಲ.

ಆದರೆ ‘ಹೊಂದಾಣಿಕೆ’ ಎಂದರೆ ನಮ್ಮ ಕಿವಿಗೆ ಏನು ಕೇಳಿಸುತ್ತದೆ? ಸೀಟು ಹೊಂದಾಣಿಕೆ, ಹೊಂದಾಣಿಕೆ ರಾಜಕಾರಣ, ಅತ್ತೆ ಸೊಸೆಯರ ಹೊಂದಾಣಿಕೆ. ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ಅರ್ಥ ಆ ಪದಕ್ಕೆ ಅಂಟಿಕೊಂಡುಬಿಟ್ಟಿದೆ. ಸಾಕೆಟ್ ಯಾರಿಗೂ ಬಿಟ್ಟುಕೊಡುವುದಿಲ್ಲ, ಒತ್ತಿದರೆ ಪಿನ್ ಬಾಗುತ್ತದೆ. ಆದ್ದರಿಂದ ನಾನು ನಾಮಪದವನ್ನು ಬಿಟ್ಟು ಕ್ರಿಯಾಪದವನ್ನು ಹಿಡಿದಿದ್ದೇನೆ: ‘ಈ ಬೋರ್ಡಿಗೆ ಈ ಪ್ರೊಸೆಸರ್ ಹೊಂದುತ್ತದೆ, ಅದು ಹೊಂದುವುದಿಲ್ಲ.’ ಸಾಕೆಟ್ ಮತ್ತು ಕ್ಯಾಬಿನೆಟ್ಟಿನ ಮಾತು ಬಂದಾಗ ‘ಕೂರುತ್ತದೆ’ ಇನ್ನೂ ಚೆನ್ನ. ಎಟಿಎಕ್ಸ್ ಎಂಬ ಅಳತೆಯ ಬೋರ್ಡಿನ ಉದ್ದ 305 ಮಿಲಿಮೀಟರ್, ಮೈಕ್ರೊ ಎಟಿಎಕ್ಸ್ ಬೋರ್ಡಿನದು 244. ಚಿಕ್ಕದಕ್ಕೆಂದೇ ಮಾಡಿದ ಕ್ಯಾಬಿನೆಟ್ಟಿನಲ್ಲಿ ದೊಡ್ಡದು ಕೂರುವುದಿಲ್ಲ. ಇಷ್ಟು ಸರಳವಾಗಿ ಹೇಳಬಹುದಾದ ಸಂಗತಿಗೆ ದೊಡ್ಡ ಪದ ಏಕೆ?

ಎಸ್‌ಎಂಪಿಎಸ್ ವಿಷಯಕ್ಕೂ ಇಂಥದೇ ಒಂದು ಕ್ರಿಯಾಪದ ಕೈಗೆ ಸಿಕ್ಕಿತು: ‘ಸಾಲು’. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿ 115 ವ್ಯಾಟ್, ರೈಜನ್ 5 7600 ಪ್ರೊಸೆಸರಿಗೆ ಎಎಂಡಿ ನಮೂದಿಸಿರುವುದು 65 ವ್ಯಾಟ್. ಈ ಕಾರ್ಡಿಗೆ ಎನ್‌ವಿಡಿಯಾ ಸೂಚಿಸುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ‘550 ಸಾಲುತ್ತದೆ’ ಎಂದರೆ ಮಾತು ಮುಗಿಯಿತು. 850 ವ್ಯಾಟ್‌ನದನ್ನು ತಂದರೆ ಕಂಪ್ಯೂಟರ್ ವೇಗವಾಗುವುದಿಲ್ಲ, ಕರೆಂಟ್ ಬಿಲ್ಲೂ ಅದರಿಂದಾಗಿ ಏರುವುದಿಲ್ಲ, ಕೈಯಿಂದ ಹೋಗುವುದು ಹಣ ಮಾತ್ರ. ಪೆಟ್ಟಿಗೆಯ ಮೇಲಿನ ‘80 ಪ್ಲಸ್’ ಗುರುತನ್ನು ಹಲವರು ಸಾಮರ್ಥ್ಯದ ಗುರುತೆಂದು ತಿಳಿಯುತ್ತಾರೆ. ಅದು ಹೇಳುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಒಳಗಿನ ಭಾಗಗಳಿಗೆ ತಲುಪುತ್ತದೆ, ಎಷ್ಟು ಶಾಖವಾಗಿ ಹೋಗುತ್ತದೆ ಎಂಬುದನ್ನು.

ಹೊಂದು, ಸಾಲು. ಎರಡಾಯಿತು. ಮೂರನೆಯ ಸಂಬಂಧದಲ್ಲಿ ನಾನು ಸಿಕ್ಕಿಕೊಂಡಿದ್ದೇನೆ. ಕೈಪಿಡಿಯ ಜೀವಾಳವೂ ಅದೇ.

ಎಲ್ಲವೂ ಹೊಂದಿವೆ, ವಿದ್ಯುತ್ ಸಾಲುತ್ತದೆ, ಕಂಪ್ಯೂಟರ್ ಚಾಲೂ ಆಗಿದೆ. ಆದರೂ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ನಡೆಯುತ್ತಿಲ್ಲ. ಆಟದ ಒಂದೊಂದು ಚಿತ್ರಕ್ಕೂ ಬೇಕಾದ ಲೆಕ್ಕವನ್ನು ಪ್ರೊಸೆಸರ್ ಮಾಡಿ ಗ್ರಾಫಿಕ್ಸ್ ಕಾರ್ಡಿಗೆ ಕೊಡುತ್ತದೆ, ಕಾರ್ಡ್ ಅದನ್ನು ಬಿಡಿಸುತ್ತದೆ. ಪ್ರೊಸೆಸರಿಗೆ ಸೆಕೆಂಡಿಗೆ 70 ಚಿತ್ರಗಳ ಲೆಕ್ಕ ಮಾಡಲು ಸಾಧ್ಯ, ಕಾರ್ಡಿಗೆ 140 ಬಿಡಿಸಲು ಸಾಧ್ಯ ಎಂದಿಟ್ಟುಕೊಳ್ಳಿ. ಸಿಗುವುದು 70. ಮಾನಿಟರ್ 60 ಹರ್ಟ್ಜ್‌ನದಾಗಿದ್ದರೆ, ಅಂದರೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವಂಥದಾದರೆ, ಕಣ್ಣಿಗೆ ಬೀಳುವುದು 60. ಕಾರ್ಡಿಗೆ ಕೊಟ್ಟ ಹಣದ ಅರ್ಧಕ್ಕಿಂತ ಹೆಚ್ಚು ಸುಮ್ಮನೆ ಕುಳಿತಿದೆ.

ಇನ್ನೊಂದು ಉದಾಹರಣೆ ಇನ್ನೂ ಸ್ಪಷ್ಟ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಇರುವುದು ಪಿಸಿಐಇ (ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ) ನಾಲ್ಕನೇ ತಲೆಮಾರಿನ ನಾಲ್ಕೇ ದಾರಿಗಳು ಮತ್ತು 4 ಜಿಬಿ ಸ್ವಂತ ಮೆಮೊರಿ. ಬಿ450ಯಂತಹ ಹಳೆಯ ಬೋರ್ಡಿನಲ್ಲಿ ಪಿಸಿಐಇ ಮೂರನೇ ತಲೆಮಾರಿನದು, ಅಂದರೆ ಒಂದೊಂದು ದಾರಿಯ ವೇಗವೂ ಅರ್ಧ. ಕಾರ್ಡ್ ಅಲ್ಲಿ ನೀಟಾಗಿ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ 4 ಜಿಬಿ ತುಂಬಿ ರ‍್ಯಾಮ್‌ನಿಂದ ಮಾಹಿತಿ ತರಿಸಿಕೊಳ್ಳಬೇಕಾದ ಆಟಗಳಲ್ಲಿ ವೇಗ ಎದ್ದು ಕಾಣುವಷ್ಟು ಕುಸಿಯುತ್ತದೆ. ಹೊಂದುತ್ತದೆ, ಆದರೂ ತಕ್ಕದ್ದಲ್ಲ. ಒಂದೇ 16 ಜಿಬಿ ರ‍್ಯಾಮ್ ಹಾಕುವುದಕ್ಕೂ 8 ಜಿಬಿಯ ಎರಡು ಹಾಕುವುದಕ್ಕೂ ಇರುವ ವ್ಯತ್ಯಾಸವೂ ಇದೇ ಬಗೆಯದು. ಮೊತ್ತ ಒಂದೇ ಆದರೂ ಎರಡು ಚಾನೆಲ್ ಇರುವ ಬೋರ್ಡಿನಲ್ಲಿ ಒಂದನ್ನೇ ಹಾಕಿದರೆ ಮಾಹಿತಿ ಸಾಗುವ ಹಾದಿ ಅರ್ಧವಾಗುತ್ತದೆ. ಪ್ರತ್ಯೇಕ ಕಾರ್ಡ್ ಇಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನೇ ನಂಬಿಕೊಂಡವರಿಗೆ ಇದು ದೊಡ್ಡ ಪೆಟ್ಟು.

ಇದನ್ನು ತಪ್ಪಿಸಿಕೊಳ್ಳುವುದಕ್ಕೆ ‘ಸಮತೋಲನ ಕಾಪಾಡಿಕೊಳ್ಳಿ’ ಎಂದು ಬರೆಯುವ ರೂಢಿ ಬಂದಿದೆ. ಆ ಉಪದೇಶವನ್ನು ಎಲ್ಲೋ ಓದಿದ ವಿದ್ಯಾರ್ಥಿಯೊಬ್ಬ ನನಗೆ ತೋರಿಸಿದ ಪಟ್ಟಿ ಹೀಗಿತ್ತು: ಒಟ್ಟು 60,000 ರೂಪಾಯಿ, ಪ್ರೊಸೆಸರಿಗೆ 10,000, ಬೋರ್ಡಿಗೆ 10,000, ರ‍್ಯಾಮ್‌ಗೆ 10,000, ಎಸ್‌ಎಸ್‌ಡಿಗೆ 10,000, ಗ್ರಾಫಿಕ್ಸ್ ಕಾರ್ಡಿಗೆ 10,000, ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ ಎರಡಕ್ಕೂ ಸೇರಿ 10,000. ಆಟಕ್ಕಾಗಿಯೇ ಮಾಡಿಸಿಕೊಳ್ಳುವ ಕಂಪ್ಯೂಟರ್ ಅದು. ಅತಿ ಹೆಚ್ಚು ಪಾಲು ಬೇಕಾದ ಕಾರ್ಡಿಗೆ ಬೋರ್ಡಿಗೆ ಕೊಟ್ಟಷ್ಟೇ ಹಣ! ಹುಡುಗನ ತರ್ಕದಲ್ಲಿ ದೋಷವಿಲ್ಲ. ‘ಸಮ’ ಎಂದರೆ ಸಮ ಎಂದೇ ಅವನು ಓದಿಕೊಂಡ.

‘ಸಮತೋಲನ ಆಹಾರ’ ಎನ್ನುವುದಿಲ್ಲವೇ, ಅಲ್ಲಿ ಯಾರೂ ಅನ್ನದಷ್ಟೇ ಉಪ್ಪು ಹಾಕುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ತಟ್ಟೆಯಲ್ಲಿ ಯಾವುದು ಎಷ್ಟಿರಬೇಕೆಂದು ನಮಗೆ ಮೊದಲೇ ಗೊತ್ತು. ಮೊದಲ ಕಂಪ್ಯೂಟರ್ ಕಟ್ಟುವವನಿಗೆ ಆ ಪ್ರಮಾಣವೇ ಗೊತ್ತಿರುವುದಿಲ್ಲ, ಪದವೇ ಅವನಿಗೆ ದಾರಿ ತೋರಿಸಬೇಕು. ಮೇಲಾಗಿ ಪ್ರಮಾಣ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಪುಸ್ತಕದ ಪುಟ ವಿನ್ಯಾಸ, ಲೆಕ್ಕಪತ್ರ, ಪ್ರೋಗ್ರಾಮಿಂಗ್ ಕಲಿಕೆ ಇಷ್ಟೇ ಆದರೆ ಪ್ರತ್ಯೇಕ ಕಾರ್ಡಿಗೆ ಸೊನ್ನೆ ರೂಪಾಯಿ ಕೊಡುವುದೇ ಸರಿಯಾದ ಪ್ರಮಾಣ. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇದೆಯೇ ಎಂದು ನೋಡಿಕೊಂಡರಾಯಿತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದು ಇರುವುದಿಲ್ಲ.

ಬೇರೆ ಪದಗಳನ್ನು ಹಾಕಿ ನೋಡಿದೆ. ‘ಸರಿದೂಗು’ ಕೇಳಲು ಚೆನ್ನಾಗಿದೆ, ಆದರೆ ‘ನಷ್ಟವನ್ನು ಸರಿದೂಗಿಸು’ ಎನ್ನುವಾಗ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯಿಂದ ತುಂಬುವ ಅರ್ಥ ಬರುತ್ತದೆ. ದುಬಾರಿ ಕಾರ್ಡ್ ದುರ್ಬಲ ಪ್ರೊಸೆಸರಿನ ಕೊರತೆಯನ್ನು ತುಂಬುವುದಿಲ್ಲ ಎಂದೇ ಕೈಪಿಡಿ ಹೇಳಬೇಕಾಗಿದೆ. ‘ಸಾಟಿ’ಯಲ್ಲಿ ಪೈಪೋಟಿಯ ವಾಸನೆ ಇದೆ. ‘ಸರಿಜೋಡಿ’ ಎರಡಕ್ಕೆ ಸರಿ, ಐದಾರು ಭಾಗಗಳಿಗೆ ಒಗ್ಗುವುದಿಲ್ಲ. ನನಗೆ ತುಂಬ ಹಿಡಿಸಿದ್ದು ‘ಈಡುಜೋಡು’. ಮದುವೆ ಮಾತುಕತೆಯಲ್ಲಿ ‘ಈಡುಜೋಡಾಗಿದ್ದಾರೆ’ ಎಂದರೆ ಇಬ್ಬರೂ ಒಬ್ಬರಿಗೊಬ್ಬರು ತಕ್ಕವರು ಎಂದರ್ಥ, ಇಬ್ಬರೂ ಸಮಾನ ಎತ್ತರ, ಸಮಾನ ತೂಕ ಎಂದಲ್ಲ. ನನಗೆ ಬೇಕಾದದ್ದು ಇದೇ. ಆದರೆ ‘ಈಡು’ ಒಂಟಿಯಾಗಿ ಬಂದರೆ ದಾರಿ ತಪ್ಪುತ್ತದೆ. ‘ಪ್ರೊಸೆಸರ್ ಕಾರ್ಡಿಗೆ ಈಡಾಗಿದೆ’ ಎಂದು ಬರೆದರೆ ಪ್ರೊಸೆಸರ್ ಏನೋ ಅಪಾಯಕ್ಕೆ ತುತ್ತಾದಂತೆ ಕೇಳಿಸುತ್ತದೆ, ಮಲೆನಾಡಿನವರಿಗಂತೂ ಈಡು ಎಂದರೆ ಬಂದೂಕಿನ ನೆನಪು. ‘ಈಡುಜೋಡು’ ಎಂದು ಜೋಡುನುಡಿಯಾಗಿಯೇ ಬಳಸಬೇಕಾಗುತ್ತದೆ.

ಇನ್ನು ಉಳಿದದ್ದು ಬಾಟಲ್‌ನೆಕ್, ಅಂದರೆ ನಿಧಾನದ ಒಂದು ಭಾಗದಿಂದ ಉಳಿದವೆಲ್ಲ ಹಿಂದೆ ಬೀಳುವುದು. ಪತ್ರಿಕೆಗಳಲ್ಲಿ ‘ಅಡಚಣೆ’, ‘ಅಡ್ಡಿ’ ಎಂದು ಬರೆಯುತ್ತಾರೆ. ಅಡ್ಡಿ ಹೊರಗಿನಿಂದ ಬಂದು ಬಿದ್ದದ್ದು, ಎತ್ತಿಹಾಕಿದರೆ ಕೆಲಸ ಸಲೀಸು. ಹಿಂದೆ ಬಿದ್ದ ಪ್ರೊಸೆಸರನ್ನು ಎತ್ತಿಹಾಕಿದರೆ ಕಂಪ್ಯೂಟರೇ ಇರುವುದಿಲ್ಲ. ಅದು ಅಡ್ಡ ಮಲಗಿಲ್ಲ, ತನ್ನ ಶಕ್ತಿ ಇರುವಷ್ಟೂ ದುಡಿಯುತ್ತಿದೆ, ಉಳಿದವು ಅದಕ್ಕಾಗಿ ಕಾಯುತ್ತಿವೆ. ಹಾಗಾಗಿ ಇಲ್ಲಿಯೂ ಕ್ರಿಯಾಪದವೇ ಸರಿ ಎನಿಸಿತು: ‘ಪ್ರೊಸೆಸರ್ ಕಾರ್ಡನ್ನು ಕಾಯಿಸುತ್ತಿದೆ.’ ಯಾರು ಯಾರನ್ನು ಕಾಯಿಸುತ್ತಿದ್ದಾರೆ ಎಂಬುದು ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ಪರೀಕ್ಷೆಯೂ ಸುಲಭ: ಆಟ ನಡೆಯುತ್ತಿರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಕಾರ್ಡಿನ ಬಳಕೆ ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಅದು ಯಾವುದಕ್ಕೋ ಕಾಯುತ್ತಿದೆ ಎಂದು ಅನುಮಾನಿಸಬಹುದು. ಪ್ರೊಸೆಸರಿನ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಅದರೊಳಗಿನ ಎಂಟು ಕೋರ್‌ಗಳಲ್ಲಿ (ಲೆಕ್ಕ ಮಾಡುವ ಘಟಕಗಳಲ್ಲಿ) ಒಂದೆರಡು ಪೂರ್ತಿ ದಣಿದಿದ್ದು ಉಳಿದವು ಖಾಲಿ ಇದ್ದರೆ ಒಟ್ಟು ಅಂಕಿ 25 ಎಂದೂ ತೋರಿಸೀತು.

ಆದರೆ ‘ಕಾಯಿಸು’ ಎಂದರೆ ಬಿಸಿ ಮಾಡು ಎಂದೂ ಅರ್ಥ. ಬೇರೆ ಕ್ಷೇತ್ರದಲ್ಲಿ ಇದು ಗೊಂದಲವಾಗುತ್ತಿರಲಿಲ್ಲ. ಕ್ಯಾಬಿನೆಟ್ಟಿನೊಳಗೆ ಮಾತ್ರ ಎರಡೂ ಅರ್ಥ ನಿಜ. ಗಾಳಿ ಓಡಾಡದ ಕ್ಯಾಬಿನೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ ಮೇಲೇರಿ ಪ್ರೊಸೆಸರನ್ನು ಕಾಯಿಸುತ್ತದೆ, ಪ್ರೊಸೆಸರ್ ಬಿಸಿಯೇರಿದಾಗ ತನ್ನ ವೇಗ ತಗ್ಗಿಸಿಕೊಂಡು ಕಾರ್ಡನ್ನು ಕಾಯಿಸುತ್ತದೆ. ಈ ವಾಕ್ಯದಲ್ಲಿ ಎರಡು ‘ಕಾಯಿಸು’ಗಳನ್ನು ಓದುಗ ಬೇರ್ಪಡಿಸಿಕೊಳ್ಳುವುದು ಹೇಗೆ? ‘ಕಾಯುವಂತೆ ಮಾಡುತ್ತದೆ’ ಉದ್ದವಾಯಿತು. ಸದ್ಯಕ್ಕೆ ವಾಕ್ಯವನ್ನು ತಿರುಗಿಸಿ ‘ಕಾರ್ಡ್ ಕಾದು ಕುಳಿತಿದೆ’ ಎಂದು ಬರೆದಿದ್ದೇನೆ. ‘ಕುಳಿತಿದೆ’ ಸೇರಿದ್ದರಿಂದ ಬಿಸಿಯ ಅರ್ಥ ದೂರವಾಗುತ್ತದೆ. ಆದರೆ ಯಾವುದಕ್ಕಾಗಿ ಕಾದು ಕುಳಿತಿದೆ ಎಂಬುದು ಜಾರಿಹೋಗುತ್ತದೆ, ಅದನ್ನೇ ಅಲ್ಲವೇ ಕಲಿಯುವವನು ತಿಳಿಯಬೇಕಾದದ್ದು?

ನನ್ನ ಪ್ರಶ್ನೆಗಳು ಇವು. ‘ಈಡುಜೋಡು’ ನಿಮ್ಮ ಊರಿನ ಕಡೆ ಇಂದಿಗೂ ಬಾಯಲ್ಲಿದೆಯೇ, ಇದ್ದರೆ ಎತ್ತು, ಬಂಡಿ, ಸಾಮಾನುಗಳಿಗೂ ಅದನ್ನು ಹೇಳುತ್ತಾರೆಯೇ ಅಥವಾ ಗಂಡು ಹೆಣ್ಣಿಗೆ ಮಾತ್ರವೇ? ಧಾರವಾಡ, ಕಲಬುರಗಿ ಕಡೆಯವರು ‘ಕಾಯಿಸು’ ಎಂದಾಗ ಮೊದಲು ಯಾವ ಅರ್ಥವನ್ನು ತೆಗೆದುಕೊಳ್ಳುತ್ತೀರಿ? ಇನ್ನೊಂದನ್ನು ಮುಖ್ಯವಾಗಿ ಇಳಕಲ್ಲು, ಗುಳೇದಗುಡ್ಡ, ದೊಡ್ಡಬಳ್ಳಾಪುರದ ಕಡೆಯವರನ್ನು ಕೇಳಬೇಕಾಗಿದೆ. ಕಂಡಿಕೆ (ಮಗ್ಗಕ್ಕೆ ಬೇಕಾದ ನೂಲಿನ ಸುರುಳಿ) ಸುತ್ತುವ ಕೆಲಸ ಹಿಂದೆ ಬಿದ್ದು ಮಗ್ಗ ನಿಂತುಹೋದಾಗ ನೇಕಾರರು ಅದನ್ನು ಏನೆಂದು ಹೇಳುತ್ತಾರೆ? ಆ ಮಾತು ಗೊತ್ತಿದ್ದವರು ಪೂರ್ತಿ ವಾಕ್ಯದಲ್ಲೇ ಬರೆದು ಕಳಿಸಿದರೆ ಉಪಕಾರವಾಗುತ್ತದೆ.