ಆರೈಕೆ ಕೇಂದ್ರದಲ್ಲಿರುವ ದೊಡ್ಡಮ್ಮನ ತೋಳಿನ ಮೇಲೆ ಕಲೆಗಳು: ಬರೀ ಅನುಮಾನದ ಮೇಲೆ ದೂರು ಕೊಡಬಹುದೇ?

ಪ್ರಶ್ನೆ:
ನಮಸ್ಕಾರ. ಮರೆವಿನ ಕಾಯಿಲೆಯಿರುವ ನಮ್ಮ ದೊಡ್ಡಮ್ಮ ಎಂಟು ತಿಂಗಳಿನಿಂದ ಒಂದು ಆರೈಕೆ ಕೇಂದ್ರದಲ್ಲಿದ್ದಾರೆ. ಕಳೆದ ಎರಡು ಭೇಟಿಗಳಲ್ಲೂ ಅವರ ತೋಳಿನ ಒಳಭಾಗದಲ್ಲಿ ಬೆರಳು ಒತ್ತಿದಂಥ ನೀಲಿ ಕಲೆಗಳು ಕಂಡವು. ವಿಚಾರಿಸಿದಾಗ ಒಬ್ಬ ಸಿಬ್ಬಂದಿ ಬಿದ್ದರೆಂದು ಹೇಳಿದರು, ಇನ್ನೊಬ್ಬರು ರಕ್ತ ತೆಳುವಾಗಿಸುವ ಮಾತ್ರೆಯಿಂದ ಹಾಗಾಗುತ್ತದೆ ಎಂದರು. ಮೊದಲೆಲ್ಲ ನನ್ನನ್ನು ಕಂಡೊಡನೆ ಮಾತಿಗೆ ಕೂರುತ್ತಿದ್ದವರು ಈಗ ಹಾಡುಹಗಲಲ್ಲೇ ತೂಕಡಿಸುತ್ತಿರುತ್ತಾರೆ. ನೀರಿನ ಲೋಟ ಅವರ ಕೈಗೆಟುಕದ ಮೇಜಿನ ಮೇಲೆ ತುಂಬಿದ ಹಾಗೆಯೇ ಇರುತ್ತದೆ. ನನ್ನ ಬಳಿ ಪುರಾವೆಯೇನೂ ಇಲ್ಲ. ದೂರು ಕೊಟ್ಟರೆ ನಾನು ಬೆನ್ನು ತಿರುಗಿಸಿದ ಮೇಲೆ ಅವರ ಮೇಲೆಯೇ ಸಿಟ್ಟು ತೀರಿಸಿಕೊಂಡಾರು ಎಂಬ ಭಯವೂ ಇದೆ. ಏನು ಮಾಡಲಿ?

ಉತ್ತರ 1 (ನಿವೃತ್ತ ನರ್ಸ್):
ಮಾತ್ರೆಯ ಮಾತು ಸುಳ್ಳೆಂದು ತಳ್ಳಿಹಾಕಬೇಡಿ, ಆ ಮಾತ್ರೆಗಳಿಂದ ಸಣ್ಣ ತಾಗುವಿಕೆಗೂ ಕಲೆ ಬೀಳುವುದು ನಿಜ. ಆದರೆ ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ಮುಖ್ಯ. ಎಡವಿ ಬಿದ್ದವರಿಗೆ ಸಾಮಾನ್ಯವಾಗಿ ಮೊಣಕಾಲು, ಮೊಣಕೈ, ಹಣೆಯಂಥ ಮೂಳೆ ಎದ್ದ ಜಾಗಗಳಲ್ಲಿ ಪೆಟ್ಟಾಗುತ್ತದೆಯೇ ಹೊರತು ತೋಳಿನ ಒಳಭಾಗದಲ್ಲಿ ಸಾಲಾಗಿ ಅಲ್ಲ. ಅಲ್ಲಿನ ಕಲೆ ಬಿಗಿಯಾಗಿ ಹಿಡಿದದ್ದನ್ನು ಸೂಚಿಸುತ್ತದೆ. ಅದು ಸಿಟ್ಟಿನ ಹಿಡಿತವಾಗಿರಬಹುದು, ಎತ್ತುವ ಕ್ರಮ ತಿಳಿಯದ ಆಯಾ ತೋಳು ಹಿಡಿದು ಎಳೆದದ್ದೂ ಇರಬಹುದು; ಎರಡನ್ನೂ ನಿಲ್ಲಿಸಲೇಬೇಕು.

ಮುಂದಿನ ಸಲ ಹೋದಾಗ ಹೊದಿಕೆ ಸರಿಸಿ ಹಿಮ್ಮಡಿ, ಸೊಂಟದ ಪಕ್ಕ, ಬೆನ್ನಿನ ಕೆಳತುದಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಒಂದು ಕ್ಷಣವೂ ಬಿಳಿಚಿಕೊಳ್ಳದಿದ್ದರೆ ಹಾಸಿಗೆ ಹುಣ್ಣು ಆರಂಭವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಇರಬಹುದಾದ್ದರಿಂದ ಬಿಸುಪನ್ನೂ ಗಡಸುತನವನ್ನೂ ಮುಟ್ಟಿ ನೋಡಬೇಕು. ತಾವಾಗಿ ಹೊರಳಲಾರದವರ ಮಗ್ಗುಲು ಬದಲಿಸಿದ್ದನ್ನು ದಾಖಲಿಸುವ ಹಾಳೆ ಇರುತ್ತದೆ, ಅದನ್ನು ತೋರಿಸಲು ಕೇಳಿ. ಇಡೀ ದಿನದ ನಮೂದುಗಳು ಒಂದೇ ಕೈಬರಹದಲ್ಲಿ ಒಂದೇ ಉಸಿರಿಗೆ ಬರೆದಂತಿದ್ದರೆ, ಶಿಫ್ಟ್ ಮುಗಿಯುವಾಗ ಒಟ್ಟಿಗೆ ತುಂಬಿದ್ದಾರೆಯೇ ಎಂದು ಕೇಳುವುದು ತಪ್ಪಲ್ಲ. ತೂಕದ ದಾಖಲೆಯನ್ನೂ ನೋಡಿ. ಒಂದು ತಿಂಗಳಲ್ಲಿ ಶೇ. 5ರಷ್ಟು ಇಳಿದಿದ್ದರೆ ಅದು ಗಂಭೀರ.

ಹಗಲು ತೂಕಡಿಕೆಯ ಬಗ್ಗೆ ನನಗೆ ಹೆಚ್ಚು ಆತಂಕ. ಗಲಾಟೆ ಮಾಡುವವರನ್ನು ಸುಮ್ಮನಾಗಿಸಲು ಮನೋವಿಕಾರದ ಔಷಧ ಕೊಡುವ ಚಾಳಿ ಹಳೆಯದು, ಕಟ್ಟಿಹಾಕುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮರೆವಿನ ಕಾಯಿಲೆಯ ವೃದ್ಧರಲ್ಲಿ ಇಂಥ ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಔಷಧದ ಪಟ್ಟಿ ತೆಗೆದುಕೊಂಡು ಹೊರಗಿನ ವೈದ್ಯರಿಗೆ ತೋರಿಸಿ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಉತ್ತರ 2 (ಸಮಾಜಕಾರ್ಯಕರ್ತೆ):
ಪುರಾವೆ ಹುಡುಕುವುದು ತನಿಖೆ ಮಾಡುವವರ ಕೆಲಸ. ನಿಮ್ಮದು ಕಂಡದ್ದನ್ನು ಕಂಡ ಹಾಗೆ ತಿಳಿಸುವುದಷ್ಟೇ. ಆದ್ದರಿಂದ ಅನುಮಾನವೇ ಸಾಕು. ಕಲೆಯ ಜಾಗ, ದಿನಾಂಕ, ಗಂಟೆ, ಯಾರು ಯಾವ ಕಾರಣ ಹೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದಿಡಿ. ನಿಮ್ಮ ಊಹೆಯನ್ನು ಅದರೊಳಗೆ ಬೆರೆಸಬೇಡಿ. ಒಂದೇ ಕಲೆಗೆ ಎರಡು ಕಾರಣ ಬಂದಿರುವುದೇ ನಿಮ್ಮ ಪತ್ರದ ಬಲವಾದ ಸಾಲು. ಪತ್ರವನ್ನು ಮ್ಯಾನೇಜರಿಗೆ ಮಾತ್ರ ಕೊಟ್ಟು ಕಾಯಬೇಡಿ, ಕೇಂದ್ರಕ್ಕೆ ಪರವಾನಗಿ ಕೊಟ್ಟ ಅಥವಾ ಅದನ್ನು ತಪಾಸಣೆ ಮಾಡುವ ಸಂಸ್ಥೆಗೂ ಕಳಿಸಿ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಿಂಸೆಯಾಗುತ್ತಿದೆಯೆಂದು ಹಿರಿಯ ನರ್ಸ್ ಒಬ್ಬರು ಕೊಟ್ಟ ಎಚ್ಚರಿಕೆಗೆ ಆಡಳಿತವೂ ತಪಾಸಕರೂ ಕಿವಿಗೊಡಲಿಲ್ಲ. 2011ರಲ್ಲಿ ಬಿಬಿಸಿಯ ಗುಪ್ತ ಕ್ಯಾಮೆರಾದ ದೃಶ್ಯಗಳು ಪ್ರಸಾರವಾದ ಮೇಲೆಯೇ ಅದು ಮುಚ್ಚಿ, 11 ಸಿಬ್ಬಂದಿಗೆ ಶಿಕ್ಷೆಯಾಯಿತು. ಒಂದು ಬಾಗಿಲು ತೆರೆಯದಿದ್ದರೆ ಇನ್ನೊಂದನ್ನು ತಟ್ಟಬೇಕೆಂದು ಹೇಳುವುದು ಅದಕ್ಕೇ.

ಸೇಡಿನ ಭಯ ಸಹಜ. ಆದರೆ ಮನೆಯವರು ಹೊತ್ತಲ್ಲದ ಹೊತ್ತಿಗೆ, ಬೇರೆಬೇರೆಯವರು ಬಂದು ಹೋಗುವ ರೋಗಿಯ ಮೇಲೆ ಕೈಮಾಡಲು ಯಾರೂ ಸುಲಭವಾಗಿ ಧೈರ್ಯ ಮಾಡುವುದಿಲ್ಲ. ದೊಡ್ಡಮ್ಮನನ್ನೂ ಒಬ್ಬರೇ ಇರುವಾಗ ನಿಧಾನವಾಗಿ ಕೇಳಿ. ಮರೆವು ಇದೆ ಎಂದ ಮಾತ್ರಕ್ಕೆ ಅವರ ಇಷ್ಟಾನಿಷ್ಟ ಇಲ್ಲವಾಗುವುದಿಲ್ಲ. ಯಾವ ಗಳಿಗೆಯಲ್ಲಾದರೂ ಜೀವಕ್ಕೆ ಅಪಾಯ ಕಂಡರೆ ಪತ್ರ ಬರೆಯುತ್ತ ಕೂರದೆ ಪೊಲೀಸರನ್ನು ಕರೆಯಿರಿ.

ಉತ್ತರ 3:
ಇಂಥ ಕೇಂದ್ರವೊಂದರಲ್ಲಿ ರಾತ್ರಿ ಪಾಳಿ ಮಾಡಿದವನ ಮಾತೂ ಇರಲಿ. ಮೂವತ್ತು ಹಾಸಿಗೆಗಳಿಗೆ ನಾವಿದ್ದವರು ಇಬ್ಬರು. ಲೋಟ ದೂರ ಇದ್ದದ್ದು ನಮ್ಮ ಕಣ್ಣಿಗೂ ಬೀಳುತ್ತಿತ್ತು, ಆದರೆ ಅಷ್ಟರಲ್ಲಿ ಇನ್ನೆಲ್ಲೋ ಕರೆಗಂಟೆ ಹೊಡೆಯುತ್ತಿತ್ತು. ದೂರಿನಲ್ಲಿ ಆ ಪಾಳಿಯಲ್ಲಿ ಎಷ್ಟು ಜನ ಇದ್ದರೆಂದೂ ಕೇಳಿ, ಇಲ್ಲವಾದರೆ ಒಬ್ಬ ಆಯಾಳನ್ನು ಕೆಲಸದಿಂದ ತೆಗೆದು ಆಡಳಿತ ಕೈತೊಳೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ತಿಳಿಸದೆ ಸಂಜೆ ಹೋಗಿದ್ದೆ. ಬಲ ಹಿಮ್ಮಡಿಯ ಕೆಂಪು ಒತ್ತಿದರೂ ಬಿಳಿಚಿಕೊಳ್ಳಲಿಲ್ಲ. ಮಗ್ಗುಲು ಬದಲಿಸಿದ ಹಾಳೆ ಕೇಳಿದಾಗ ನಾಳೆ ಬನ್ನಿ ಎಂದರು. ಅದನ್ನೂ ಗಂಟೆಯೊಂದಿಗೆ ಪತ್ರದಲ್ಲಿ ಸೇರಿಸಿ ಎರಡೂ ಕಡೆಗೆ ಕಳಿಸಿದ್ದೇನೆ. ಲೋಟವನ್ನು ಕೈಗಿಟ್ಟಾಗ ದೊಡ್ಡಮ್ಮ ಒಂದೇ ಗುಟುಕಿಗೆ ಖಾಲಿ ಮಾಡಿದರು.